ಡೆಟ್ರಾಯಿಟ್ ಡೈರಿ – 17: ಕಪ್ಪೆ ಲೆಕ್ಕ



ಹೋದ ಪೋಸ್ಟಿನಲ್ಲಿ ನೈಟ್ ಡ್ಯೂಟಿ ಮಾಡುವವರ ನಿದ್ದೆಯ ಪಾಡು ಬರೆದಿದ್ದೆ. ಕೊನೆಯಲ್ಲಿ “ರಜೆಯ ರಾತ್ರಿ ಕಪ್ಪೆ ಎಣಿಸಲು ಹೋಗುವುದೂ ಉಂಟು” ಅಂತ ಸುಮ್ಮನೆ ಒಂದು ಸಾಲು ಸೇರಿಸಿದ್ದೆ. ನಿದ್ದೆಯನ್ನು ಎಲ್ಲರೂ ಬಿಟ್ಟರು, ಕಪ್ಪೆಯನ್ನು ಹಿಡಿದುಕೊಂಡರು! ಕೊಪ್ಪದ ಹೈಸ್ಕೂಲ್ ಗ್ರೂಪಿನಲ್ಲಿ ಎರಡು ದಿನ ಅದೇ ತಮಾಷೆ. “ಅಷ್ಟು ದೂರ ಹೋಗಿ ಕಪ್ಪೆ ಎಣಿಸ್ತಿದ್ದೀಯಾ ಮಾರಾಯ್ತಿ, ನಮ್ಮನೆ ಹಿಂದೆ ಬಂದಿದ್ದರೆ ಕಾಫಿನೂ ಕೊಡ್ತಿದ್ದೆ” ಅಂತ ಒಬ್ಬಳು. ಕಪ್ಪೆಯನ್ನು ತಕ್ಕಡಿಯಲ್ಲಿ ತೂಗಿದ ಗಾದೆ ಮೂರು ಜನ ಬರೆದರು. ಚಿಕ್ಕಮ್ಮ ಫೋನ್ ಮಾಡಿ “ಅದಕ್ಕೆ ಸಂಬಳ ಎಷ್ಟು ಕೊಡ್ತಾರೆ?” ಅಂತ ಕೇಳಿದರು. ಸಂಬಳ ಇಲ್ಲ ಚಿಕ್ಕಮ್ಮ, ಕಾರಿನ ಪೆಟ್ರೋಲೂ ನಮ್ಮದೇ. ಎಲ್ಲರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಈ ಸಲ ಇದನ್ನೇ ಪೂರ್ತಿ ಬರೆಯುತ್ತೇನೆ. ಉದ್ದ ಆಗುತ್ತದೆ, ಕಾಫಿ ಇಟ್ಟುಕೊಂಡು ಕೂತುಕೊಳ್ಳಿ.

ಮೊದಲು ಕೆಲಸ ಏನು ಅಂತ ಹೇಳಿಬಿಡುತ್ತೇನೆ. ಕಪ್ಪೆ ಹಿಡಿಯುವುದಿಲ್ಲ, ಮುಟ್ಟುವುದಿಲ್ಲ, ಎಷ್ಟೋ ರಾತ್ರಿ ಒಂದು ಕಪ್ಪೆಯ ಮುಖವನ್ನೂ ನೋಡುವುದಿಲ್ಲ. ಕತ್ತಲಾದ ಮೇಲೆ ಗೊತ್ತುಮಾಡಿದ ಕೆರೆ, ಗುಂಡಿ, ಜೌಗಿನ ಪಕ್ಕ ನಿಂತು ಕಿವಿಗೊಟ್ಟು ಕೇಳುವುದು. ಯಾವ ಜಾತಿ ಕೂಗಿತು, ಎಷ್ಟು ಕೂಗಿತು ಅಂತ ಒಂದು ಹಾಳೆಯಲ್ಲಿ ಬರೆದು ಕಳಿಸುವುದು. ಕೂಗುವುದು ಗಂಡು ಕಪ್ಪೆ, ಹೆಣ್ಣನ್ನು ಕರೆಯುವುದಕ್ಕೆ. ಒಂದೊಂದು ಜಾತಿಯ ಕೂಗು ಒಂದೊಂದು ಥರ. ಹಾಗಾಗಿ ಕಣ್ಣಿಗಿಂತ ಕಿವಿಯೇ ನಂಬಿಕಸ್ತ.

ಇದು ನನಗೆ ಅಂಟಿಕೊಂಡದ್ದು ಷಿಕಾಗೋ ಕಡೆ ಇದ್ದಾಗ. 2016ರಲ್ಲಿ ಬಂದು ನೇಪರ್‌ವಿಲ್ಲಿನಲ್ಲಿ ಮನೆ ಮಾಡಿದ್ದೆವು, ನಿಮಗೆ ಗೊತ್ತು. ಆಗ ನಮ್ಮ ಯೂನಿಟ್ಟಿನಲ್ಲಿ ಒಬ್ಬಳು ರೆಸ್ಪಿರೇಟರಿ ಥೆರಪಿಸ್ಟ್ ಇದ್ದಳು. ದಿನವಿಡೀ ವೆಂಟಿಲೇಟರಿನ ಸದ್ದು ಕೇಳುವವಳು ರಜೆ ದಿನ ಕಪ್ಪೆ ಕೇಳಲು ಹೋಗುತ್ತಾಳೆ ಅಂತ ಗೊತ್ತಾದಾಗ ನಾನೂ ನಿಮ್ಮ ಹಾಗೇ ನಕ್ಕಿದ್ದೆ. ಒಂದು ಏಪ್ರಿಲ್ ಸಂಜೆ ಬಾ ಅಂತ ಸ್ಪ್ರಿಂಗ್‌ಬ್ರೂಕ್ ಪ್ರೇರಿ ಅನ್ನುವ ದೊಡ್ಡ ಹುಲ್ಲುಗಾವಲಿಗೆ ಕರೆದುಕೊಂಡು ಹೋದಳು. ಯುಗಾದಿ ಕಳೆದು ಒಂದು ವಾರ ಆಗಿರಬೇಕು. ಅಂದರೆ ಇಲ್ಲಿ ಇನ್ನೂ ಸ್ವೆಟರ್, ಟೋಪಿ, ಕೈಗವಸು. ಜೌಗಿನ ಕಡೆಯಿಂದ ಕರ್ರ್‌ರ್ರಿಕ್, ಕರ್ರ್‌ರ್ರಿಕ್ ಅಂತ ಸದ್ದು. ಬಾಚಣಿಗೆಯ ಹಲ್ಲಿನ ಮೇಲೆ ಉಗುರು ಎಳೆದರೆ ಬರುತ್ತದಲ್ಲ, ಅದೇ. ವೆಸ್ಟರ್ನ್ ಕೋರಸ್ ಫ್ರಾಗ್ ಅಂತ ಹೆಸರು, ಒಂದೂವರೆ ಇಂಚು ಇದ್ದರೆ ಹೆಚ್ಚು. ಅಷ್ಟು ಚಿಕ್ಕ ಪ್ರಾಣಿಗಳು ನೂರಾರು ಸೇರಿ ಇಡೀ ಬಯಲನ್ನು ಅಲ್ಲಾಡಿಸುತ್ತಿದ್ದವು. ನಾನು ಅಮೆರಿಕಕ್ಕೆ ಬಂದ ಮೇಲೆ ರಾತ್ರಿ ಹೊತ್ತು ಹೊರಗೆ ಸುಮ್ಮನೆ ನಿಂತದ್ದು ಅದೇ ಮೊದಲು. ಇಲ್ಲಿಯ ರಾತ್ರಿಗೆ ಸದ್ದೇ ಇಲ್ಲ ಅಂತ ಅಮ್ಮನ ಹತ್ತಿರ ಎಷ್ಟು ಸಲ ಹೇಳಿದ್ದೆನೋ! ಸದ್ದು ಇತ್ತು, ಕಿಟಕಿ ಮುಚ್ಚಿತ್ತು.

ಷಿಕಾಗೋ ಸುತ್ತಮುತ್ತ ಈ ಸಮೀಕ್ಷೆ 2000ದಿಂದ ನಡೆಯುತ್ತಿದೆ. ಪೆಗ್ಗಿ ನೋಟ್‌ಬಾರ್ಟ್ ನೇಚರ್ ಮ್ಯೂಸಿಯಂನವರು ನೋಡಿಕೊಳ್ಳುತ್ತಾರೆ. ಬರುವವರು ಯಾರೂ ವಿಜ್ಞಾನಿಗಳಲ್ಲ. ಲೈಬ್ರರಿಯವರು, ಪ್ಲಂಬರ್, ನಿವೃತ್ತರು, ಮಕ್ಕಳನ್ನು ಕಟ್ಟಿಕೊಂಡು ಬರುವ ತಾಯಂದಿರು. ಚಳಿಗಾಲದಲ್ಲಿ ಕೂರಿಸಿ ಕೂಗು ಕಲಿಸುತ್ತಾರೆ. ಆಮೇಲೆ ವಸಂತದ ಶುರುವಿನಲ್ಲಿ, ನಡುವೆ, ಬೇಸಿಗೆಯ ಬಾಗಿಲಲ್ಲಿ, ಹೀಗೆ ಬೇರೆ ಬೇರೆ ಹೊತ್ತಿಗೆ ಅದೇ ಜಾಗಕ್ಕೆ ಹೋಗಬೇಕು. ಎಲ್ಲ ಕಪ್ಪೆಯೂ ಒಟ್ಟಿಗೆ ಕೂಗುವುದಿಲ್ಲವಲ್ಲ. ಒಂದು ಜಾತಿಗೆ 7 ಡಿಗ್ರಿ ಸಾಕು, ಇನ್ನೊಂದಕ್ಕೆ 18 ಡಿಗ್ರಿಯಾದರೂ ಬೇಕು. ಸೆಲ್ಸಿಯಸ್ಸಿನಲ್ಲಿ ಬರೆದಿದ್ದೇನೆ, ಇಲ್ಲಿ ಎಲ್ಲ ಫ್ಯಾರನ್‌ಹೀಟ್. ಒಂದು ಜಾಗದಲ್ಲಿ ಐದು ನಿಮಿಷ ಉಸಿರು ಬಿಗಿಹಿಡಿದು ನಿಲ್ಲುವುದು, ಬರೆಯುವುದು, ಮುಂದಿನ ಜಾಗಕ್ಕೆ ಹೋಗುವುದು.

ಅಲ್ಲಿ ಕಲಿತ ಒಂದು ಸಂಗತಿ ನನಗೆ ಇನ್ನೂ ಬೆರಗು. ಬೂದುಬಣ್ಣದ ಮರಗಪ್ಪೆಯಲ್ಲಿ ಎರಡು ಜಾತಿ. ಪಕ್ಕಪಕ್ಕ ಕೂರಿಸಿದರೂ ಯಾವುದು ಯಾವುದೆಂದು ಕಣ್ಣಿಗೆ ತಿಳಿಯುವುದಿಲ್ಲ. ಒಂದರ ಜೀವಕೋಶದಲ್ಲಿ 24 ಕ್ರೋಮೋಸೋಮ್, ಇನ್ನೊಂದರಲ್ಲಿ 48. ಲ್ಯಾಬಿಗೆ ಕಳಿಸಬೇಕು, ಇಲ್ಲವೇ ಕೂಗು ಕೇಳಬೇಕು. ಒಂದರದು ಒರಟು, ಬಿರುಸು. ಇನ್ನೊಂದರದು ಇಂಪು, ನಿಧಾನ. ಹೆಣ್ಣು ಕಪ್ಪೆ ಲ್ಯಾಬಿಗೆ ಹೋಗುವುದಿಲ್ಲ, ಕಿವಿಯಲ್ಲೇ ಗುರುತು ಹಿಡಿಯುತ್ತದೆ.

ಕೂಗು ಎಷ್ಟು ಅನ್ನುವುದಕ್ಕೆ 1, 2, 3 ಅಂತ ಅಂಕ. ಒಂದೊಂದೇ ಕೂಗು ಬಿಡಿಯಾಗಿ ಕೇಳಿ ಎಣಿಸುವ ಹಾಗಿದ್ದರೆ 1. ಒಂದರ ಮೇಲೊಂದು ಬೀಳುತ್ತಿದ್ದರೂ ಬೇರೆ ಬೇರೆ ಅಂತ ತಿಳಿದರೆ 2. ಎಣಿಸಲಾಗದೆ ಒಂದೇ ಸಮನೆ ಮೊರೆತವಾದರೆ 3. ನರ್ಸಿಂಗ್ ಓದಿದ ಗೆಳತಿಯರಿಗೆ ಇದು ಹೊಸದಲ್ಲ. ಕಾಲಿನ ಬಾವನ್ನು ಬೆರಳಲ್ಲಿ ಒತ್ತಿ, ಬಿದ್ದ ಗುಳಿ ನೋಡಿ 1+, 2+, 3+ ಅಂತ ಬರೆಯುತ್ತೇವಲ್ಲ, ಹಾಗೆಯೇ. ಅಳತೆ ಒರಟು, ಆದರೆ ನಿನ್ನೆ ಇನ್ನೊಬ್ಬಳು ಬರೆದದ್ದನ್ನು ಇವತ್ತು ನಾನು ಓದಿ ಹೋಲಿಸಬಹುದು.

2019ರಲ್ಲಿ ಇವರ ಕೆಲಸ ಡೆಟ್ರಾಯಿಟ್ ಕಡೆಗೆ ಬಂತು. ಕ್ಯಾಂಟನ್ನಿನಲ್ಲಿ ಮನೆ. ಅಲ್ಲಿಂದ ಸುಮಾರು ಒಂದು ವರ್ಷ, ಕೋವಿಡ್ ಬರುವ ತನಕ ಮತ್ತು ಬಂದ ಮೇಲೂ, ಕಪ್ಪೆಯ ನೆನಪೇ ಇರಲಿಲ್ಲ. ಆ ದಿನಗಳ ಬಗ್ಗೆ ಬರೆದಾಗಿದೆ, ಮತ್ತೆ ಬರೆಯುವುದಿಲ್ಲ. ಇಷ್ಟು ಮಾತ್ರ ಹೇಳುತ್ತೇನೆ: ಮನೆಗೆ ಬಂದು ಮಲಗಿದ ಮೇಲೂ ಕಿವಿಯೊಳಗೆ ಮಾನಿಟರಿನ ಅಲಾರಂ ಹೊಡೆಯುತ್ತಿತ್ತು. 2021ರ ಮಾರ್ಚಿನಲ್ಲಿ ಒಂದು ರಾತ್ರಿ ಇವರೇ “ಎಲ್ಲಾದರೂ ಕಪ್ಪೆ ಕೇಳಿ ಬರೋಣ ನಡಿ” ಅಂತ ಕಾರು ತೆಗೆದರು. ಹಾಗೆ ಫ್ರೆಂಡ್ಸ್ ಆಫ್ ದಿ ರೂಜ್ ಅನ್ನುವವರ ಸಮೀಕ್ಷೆ ಸೇರಿದೆ.

ರೂಜ್ ಅಂದರೆ ಇಲ್ಲಿಯ ಹೊಳೆ. ಫ್ರೆಂಚ್ ಮಾತಿನಲ್ಲಿ ಕೆಂಪು ಅಂತ ಅರ್ಥ. ನಾಲ್ಕು ಕವಲು, ನಲವತ್ತಕ್ಕೂ ಹೆಚ್ಚು ಊರುಗಳ ಮಧ್ಯೆ ಹರಿದು ಕೊನೆಗೆ ಡಿಯರ್‌ಬಾರ್ನಿನ ಫೋರ್ಡ್ ಕಾರ್ಖಾನೆ ದಾಟಿ ಡೆಟ್ರಾಯಿಟ್ ನದಿ ಸೇರುತ್ತದೆ. ನಮ್ಮ ತುಂಗೆಯನ್ನು ಕಣ್ಣ ಮುಂದೆ ತಂದುಕೊಳ್ಳಬೇಡಿ. 1969ರಲ್ಲಿ ಈ ಹೊಳೆಗೆ ಬೆಂಕಿ ಹತ್ತಿತ್ತು. ನೀರಿನ ಮೇಲೆ ಅಷ್ಟು ಎಣ್ಣೆ. ಹೊಳೆಗೆ ಬೆಂಕಿ ಅಂದರೆ ಅಪ್ಪಯ್ಯ ಇವತ್ತಿಗೂ ನಂಬುವುದಿಲ್ಲ. 1986ರಲ್ಲಿ ಊರವರೇ ಸೇರಿ ಈ ಸಂಸ್ಥೆ ಕಟ್ಟಿ ಹೊಳೆಯಿಂದ ಕಸ ಎಳೆಯಲು ಶುರು ಮಾಡಿದರು. 1998ರಿಂದ ಕಪ್ಪೆ ಸಮೀಕ್ಷೆ. ಹೊಳೆಯ ಸುತ್ತಲಿನ ನೆಲವನ್ನು ಕಾಲು ಚದರ ಮೈಲಿಯ ಬ್ಲಾಕುಗಳಾಗಿ ಹಂಚಿದ್ದಾರೆ. ಒಬ್ಬೊಬ್ಬರಿಗೆ ಒಂದು ಬ್ಲಾಕ್. ಮಾರ್ಚಿನಿಂದ ಜುಲೈ ತನಕ ಆ ಬ್ಲಾಕಿನ ಕಪ್ಪೆಗಳಿಗೆ ನಾವೇ ದಿಕ್ಕು.

ಕಪ್ಪೆಯೇ ಯಾಕೆ ಅಂತ ಭಾವ ಕೇಳಿದ್ದರು. ಕಪ್ಪೆ ಚರ್ಮದಿಂದಲೂ ಉಸಿರಾಡುತ್ತದೆ, ಚರ್ಮದಿಂದಲೇ ನೀರು ಹೀರುತ್ತದೆ ಭಾವ. ನಮಗೆ ಚರ್ಮ ಗೋಡೆ, ಅದಕ್ಕೆ ಜಾಲರಿ. ನೀರಿನಲ್ಲಿ ಏನು ಬಿದ್ದರೂ ಮೊದಲು ಅದಕ್ಕೆ ತಗಲುತ್ತದೆ. ಇಲ್ಲಿ ಚಳಿಗಾಲ ಪೂರ್ತಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಹಿಮ ಕರಗಲಿ ಅಂತ. ಡೆಟ್ರಾಯಿಟ್ ಊರಿನ ಕೆಳಗೇ ಸುಮಾರು 1,200 ಅಡಿ ಆಳದಲ್ಲಿ ಉಪ್ಪಿನ ಗಣಿ ಇದೆ, ಹಾಗಾಗಿ ಉಪ್ಪಿಗೆ ಬರ ಇಲ್ಲ. ಮಾರ್ಚಿನಲ್ಲಿ ಹಿಮ ಕರಗಿ ಆ ಉಪ್ಪೆಲ್ಲ ಗುಂಡಿಗಳಿಗೆ ಇಳಿಯುವ ಹೊತ್ತಿಗೇ ಕಪ್ಪೆ ಮೊಟ್ಟೆ ಇಡುವುದು. ಹೆಚ್ಚಿನ ಸೋಡಿಯಂ ಒಂದು ಜೀವಕೋಶಕ್ಕೆ ಏನು ಮಾಡುತ್ತದೆಂದು ನರ್ಸಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಜಗತ್ತಿನ ಕಪ್ಪೆ ಜಾತಿಯ ಪ್ರಾಣಿಗಳಲ್ಲಿ ನೂರಕ್ಕೆ ನಲವತ್ತೊಂದು ಅಪಾಯದಲ್ಲಿವೆ ಅಂತ 2023ರಲ್ಲಿ ವಿಜ್ಞಾನಿಗಳು ಲೆಕ್ಕ ಕೊಟ್ಟರು. ಹಕ್ಕಿಗಿಂತ, ಸಸ್ತನಿಗಿಂತ ಇವುಗಳ ಗತಿಯೇ ಕೆಟ್ಟದ್ದು.

ನಮ್ಮ ರೂಜ್ ಸುತ್ತ ಎಂಟು ಜಾತಿ. ಎಲ್ಲವನ್ನೂ ವರ್ಣಿಸಲು ಹೋಗುವುದಿಲ್ಲ. ಸಡಿಲವಾದ ತಂತಿಯನ್ನು ಟಂಗ್ ಅಂತ ಮೀಟಿದ ಹಾಗೆ ಒಂದು, ಗೊರಕೆ ಹೊಡೆಯುವುದು ಒಂದು, ಉಸಿರೇ ತೆಗೆದುಕೊಳ್ಳದೆ ಅರ್ಧ ನಿಮಿಷ ಟ್ರ್‌ರ್‌ರ್ ಅಂತ ಎಳೆಯುವ ನೆಲಗಪ್ಪೆ ಒಂದು. ನಮ್ಮ ಗೋಂಕರುಗಪ್ಪೆಯ ನೆಂಟ ಬುಲ್‌ಫ್ರಾಗ್ ಜೂನಿನಲ್ಲಿ ಬಂದು ಹಂಡೆಯೊಳಗಿಂದ ಮಾತಾಡಿದ ಹಾಗೆ ಗುಡುಗುತ್ತದೆ.

ಆದರೆ ವುಡ್ ಫ್ರಾಗ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಚಳಿಗಾಲದಲ್ಲಿ ಇದು ಎಲೆಗಳ ಕೆಳಗೆ ಕೂತು ಹಾಗೇ ಹೆಪ್ಪುಗಟ್ಟುತ್ತದೆ. ಉಪಮೆ ಅಲ್ಲ, ನಿಜವಾಗಿ. ಮೈಯ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂಜುಗಡ್ಡೆ. ಉಸಿರಿಲ್ಲ, ಹೃದಯ ನಿಂತಿರುತ್ತದೆ. ನಮ್ಮ ವಾರ್ಡಿನಲ್ಲಾದರೆ ಡಾಕ್ಟರ್ ಬಂದು ಸಮಯ ನೋಡಿ ಬರೆದು ಹೋಗುತ್ತಿದ್ದರು. ಮೈ ಹೆಪ್ಪುಗಟ್ಟಲು ಶುರುವಾದ ಕೂಡಲೇ ಇದರ ಲಿವರ್ ಸಕ್ಕರೆಯನ್ನು ರಕ್ತಕ್ಕೆ ಸುರಿಯುತ್ತದೆ. ನಮ್ಮ ಗ್ಲೂಕೋಮೀಟರ್ ಅಂಕಿ ತೋರಿಸಲಾಗದೆ “ಹೈ” ಅಂತ ಬರೆದು ಸುಮ್ಮನಾಗುವಷ್ಟು ಸಕ್ಕರೆ. ಆ ಸಕ್ಕರೆಯೇ ಜೀವಕೋಶಗಳ ಒಳಗೆ ಮಂಜು ಆಗದ ಹಾಗೆ ಕಾಯುತ್ತದೆ. ಮಾರ್ಚಿನಲ್ಲಿ ಕರಗಿ, ಹೃದಯ ಹೊಡೆದುಕೊಂಡು, ಎದ್ದು ಹೋಗಿ ಬಾತುಕೋಳಿಯ ಹಾಗೆ ಕ್ವಾಕ್ ಕ್ವಾಕ್ ಅಂತ ಹೆಂಡತಿಯನ್ನು ಹುಡುಕುತ್ತದೆ! ಕಾಡಿನೊಳಗಿನ ಮಳೆಗುಂಡಿಯೇ ಇದಕ್ಕೆ ಬೇಕು. ಬೇಸಿಗೆಯಲ್ಲಿ ಒಣಗಿಹೋಗುವ ಗುಂಡಿ. ಅಲ್ಲಿ ಮೀನಿರುವುದಿಲ್ಲ, ಗೊದಮೊಟ್ಟೆಗಳನ್ನು ತಿನ್ನುವವರಿರುವುದಿಲ್ಲ. ಲೇಔಟ್ ಮಾಡುವವರಿಗೆ ಅದು ಬರೀ ಗುಂಡಿ, ಒಂದು ಲಾರಿ ಮಣ್ಣು ಸಾಕು. ಅಲ್ಲಿ ವುಡ್ ಫ್ರಾಗ್ ಇದೆ ಅಂತ ಹತ್ತು ವರ್ಷದ ಹಾಳೆ ಇದ್ದರೆ ಕಡೇಪಕ್ಷ ವಾದ ಮಾಡಲು ಕೈಯಲ್ಲಿ ಏನಾದರೂ ಇರುತ್ತದೆ.

(ಕತ್ತಲಲ್ಲಿ ನಿಲ್ಲಲು ಹೆದರಿಕೆ ಆಗುವುದಿಲ್ಲವಾ ಅಂತ ಕೇಳುವವರಿಗೆ: ಪ್ರಾಣಿಗಳ ಹೆದರಿಕೆ ಇಲ್ಲ, ಮನುಷ್ಯರದ್ದು ಸ್ವಲ್ಪ. ಒಂದು ಸಲ ಪೊಲೀಸ್ ಕಾರು ನಿಂತು, ಇಷ್ಟು ಹೊತ್ತಿನಲ್ಲಿ ಏನು ಮಾಡುತ್ತಿದ್ದೀರಿ ಅಂತ ಕೇಳಿದ್ದರು. ಕಪ್ಪೆ ಕೇಳುತ್ತಿದ್ದೇವೆ ಅಂದೆ. ಆತ ಎಂಜಿನ್ ಆರಿಸಿ ಎರಡು ನಿಮಿಷ ತಾನೂ ಕೇಳಿ ಹೋದ. ಒಬ್ಬಳೇ ನಾನು ಯಾವತ್ತೂ ಹೋಗುವುದಿಲ್ಲ.)

ಈಗ ಟೀಚರ್ ವಿಷಯ. ನನ್ನ ಬ್ಲಾಕ್ ಮೊದಲು ಅವರದು. ಲೋಯರ್ ರೂಜ್ ಕವಲಿನ ಹತ್ತಿರ, ಒಂದು ಕಡೆ ಮನೆಗಳು, ಒಂದು ಕಡೆ ಕಾಡು ಮತ್ತು ಎರಡು ಕೆರೆಯಂಥ ಗುಂಡಿಗಳು. ಎಪ್ಪತ್ತು ದಾಟಿದವರು, ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ಇಲ್ಲಿ ಎಷ್ಟು ಹಿರಿಯರಾದರೂ ಹೆಸರು ಹಿಡಿದೇ ಕರೆಯಬೇಕು. ನನ್ನ ನಾಲಿಗೆಗೆ ಅದು ಇನ್ನೂ ಬರುವುದಿಲ್ಲ, ಮನಸ್ಸಿನಲ್ಲಿ ಟೀಚರ್ ಅಂತಲೇ. ಮಡಚುವ ಸ್ಟೂಲು, ಥರ್ಮಾಸಿನಲ್ಲಿ ಕಪ್ಪು ಕಾಫಿ, ಸೊಂಟದಲ್ಲಿ ಥರ್ಮಾಮೀಟರ್. ಮೊದಲ ವರ್ಷ ನಾನು ಕಲಿಯಲಿ ಅಂತ ಇಬ್ಬರೂ ಜೊತೆಗೆ ಹೋಗುತ್ತಿದ್ದೆವು. ಅವರ ನಿಯಮ ಒಂದು: ಹಾಳೆ ಇಬ್ಬರದೂ ಬೇರೆ ಬೇರೆ, ಬರೆದು ಮುಗಿಯುವ ತನಕ ಮಾತಿಲ್ಲ, ಇಣುಕುವುದಿಲ್ಲ. ಆಮೇಲೆ ಕಾರಿನ ದೀಪದಲ್ಲಿ ಹೋಲಿಸುವುದು. ಪರೀಕ್ಷೆ ಬರೆದು ಹೊರಗೆ ಬಂದ ಮಕ್ಕಳ ಹಾಗೆ.

ಏಪ್ರಿಲಿನ ಒಂದು ರಾತ್ರಿ ನನ್ನ ಹಾಳೆಯಲ್ಲಿ ಸ್ಪ್ರಿಂಗ್ ಪೀಪರ್ ಮುಂದೆ 2 ಇತ್ತು, ಅವರದರಲ್ಲಿ ಏನೂ ಇರಲಿಲ್ಲ. ಪೀಪರ್ ಅಂದರೆ ಇಷ್ಟೇ ಇಷ್ಟು ಕಪ್ಪೆ, ಪೀಪ್ ಪೀಪ್ ಅಂತ ಸಣ್ಣ ಸೀಟಿ. ಬಾಚಣಿಗೆ ಕಪ್ಪೆ ಇಬ್ಬರ ಹಾಳೆಯಲ್ಲೂ ಇತ್ತು. ಟೀಚರ್ ನನ್ನ ಹಾಳೆಯನ್ನು ತುಂಬ ಹೊತ್ತು ನೋಡಿದರು. “ನಿನಗೆ ಕೇಳಿಸಿತಾ?” ಅಂದರು. ಹೌದು ಅಂದೆ. “ಈಗಲೂ?” ಕಾರಿನ ಕಿಟಕಿ ಇಳಿಸಿದ್ದೆವು. ಆ ಗುಂಡಿಯ ಆಚೆ ದಡದಲ್ಲಿ ನಾಲ್ಕೈದು ಕಪ್ಪೆ ಪಟ್ಟು ಬಿಡದೆ ಸೀಟಿ ಹೊಡೆಯುತ್ತಿದ್ದವು. “ಈಗಲೂ” ಅಂದೆ.

ನನಗೆ ಒಂದೆರಡು ವಾರದಿಂದ ಅನುಮಾನ ಇತ್ತು. ಸೀಟ್ ಬೆಲ್ಟ್ ಹಾಕದಿದ್ದರೆ ಕಾರು ಟಿಣ್ ಟಿಣ್ ಅನ್ನುವುದು ಅವರಿಗೆ ತಿಳಿಯುತ್ತಿರಲಿಲ್ಲ. ನನ್ನ ಮಗಳು ಮಾತಾಡಿದರೆ ಅವಳ ತುಟಿ ನೋಡುತ್ತಿದ್ದರು. ವಯಸ್ಸಿನ ಕಿವುಡು ಹಾಗೆಯೇ ಬರುವುದು, ಮೇಲಿನ ಸ್ವರಗಳಿಂದ ಶುರು. ಎದುರು ಕೂತವರ ಮಾತು ಚೆನ್ನಾಗಿಯೇ ಕೇಳುತ್ತದೆ, ಹಾಗಾಗಿ ತನಗೆ ಏನೂ ಆಗಿಲ್ಲ ಅಂತಲೇ ಅನಿಸುತ್ತದೆ. ಪೀಪರ್ ಕೂಗು ಸುಮಾರು 3,000 ಹರ್ಟ್ಸ್. ಕಳೆದುಹೋಗುವ ಜಾಗದಲ್ಲೇ ಅದು ಕೂತಿದೆ.

ಆಮೇಲೆ ಅವರ ಮನೆಯಲ್ಲಿ ಹಳೆಯ ಹಾಳೆಗಳ ಪ್ರತಿಗಳನ್ನು ಮೇಜಿನ ಮೇಲೆ ಹರಡಿದೆವು. ಪೀಪರ್ ಸಾಲಿನಲ್ಲಿ 3, 3, 3. ಆಮೇಲೆ 2. ಆಮೇಲೆ 1. ಆಮೇಲೆ 0. ನೋಡಿದರೆ ಯಾರು ಬೇಕಾದರೂ ಹೇಳುತ್ತಾರೆ, ಈ ಬ್ಲಾಕಿನಲ್ಲಿ ಪೀಪರ್ ಸಾಯುತ್ತಿದೆ ಅಂತ. ಸಾಯುತ್ತಿದ್ದದ್ದು ಪೀಪರ್ರೋ ಕಿವಿಯೋ? ಎರಡರದೂ ಗೆರೆ ಕಾಗದದ ಮೇಲೆ ಒಂದೇ ಥರ ಇಳಿಯುತ್ತದೆ.

ಕೆಟ್ಟ ಸುದ್ದಿ ಹೇಳುವುದು ನನ್ನ ಕೆಲಸದ ಭಾಗ. ಹತ್ತಿರ ಕೂತು, ದನಿ ತಗ್ಗಿಸಿ, ಸುತ್ತಿಬಳಸದೆ ಹೇಳಬೇಕು ಅಂತ ಕಲಿಸಿದ್ದಾರೆ. ಇಲ್ಲಿ ದನಿ ತಗ್ಗಿಸಿದರೆ ಆಗುತ್ತಿರಲಿಲ್ಲ! ಅಷ್ಟಕ್ಕೂ ನಾನು ಏನೂ ಹೇಳಬೇಕಾಗಿ ಬರಲಿಲ್ಲ. ಅವರೇ ಹೋಗಿ ಕಿವಿ ಪರೀಕ್ಷೆ ಮಾಡಿಸಿಕೊಂಡು ಬಂದರು. ಆಡಿಯೋಗ್ರಾಮ್ ತಂದು ತೋರಿಸಿದರು, 2,000 ಹರ್ಟ್ಸ್ ತನಕ ಸಮವಾಗಿ ಹೋಗಿ ಅಲ್ಲಿಂದ ಆಗುಂಬೆ ಘಾಟಿ ಇಳಿದ ಹಾಗೆ. ಮಾರನೆಯ ದಿನವೇ ಸಮೀಕ್ಷೆಯವರಿಗೆ ಪತ್ರ ಬರೆದರು: ನನ್ನ ಕೊನೆಯ ವರ್ಷಗಳ ಪೀಪರ್ ಅಂಕಿಗಳನ್ನು ನಂಬಬೇಡಿ, ಯಾವ ವರ್ಷದಿಂದ ಅಂತ ನನಗೇ ಗೊತ್ತಿಲ್ಲ, ಗೊತ್ತಿಲ್ಲ ಅನ್ನುವುದನ್ನೂ ಪಕ್ಕದಲ್ಲಿ ಬರೆದಿಡಿ. ಬ್ಲಾಕ್ ನನ್ನ ಹೆಸರಿಗೆ ಮಾಡಿಸಿದರು. ನಮ್ಮಲ್ಲಿ ಶಿಫ್ಟ್ ಮುಗಿಸುವವಳು ಮುಂದಿನವಳಿಗೆ ರೋಗಿಯನ್ನು ಒಪ್ಪಿಸುತ್ತಾಳಲ್ಲ, ಹಾಗೆ ಪ್ರತಿ ಗುಂಡಿಯ ಹತ್ತಿರ ಕರೆದುಕೊಂಡು ಹೋಗಿ ಒಪ್ಪಿಸಿದರು. ಇದರಲ್ಲಿ ಬೇಗ ನೀರು ಒಣಗುತ್ತದೆ, ಇದರ ಪಕ್ಕದ ಮನೆಯವರು ನಾಯಿ ಬಿಡುತ್ತಾರೆ, ಇಲ್ಲಿ 2012ರಲ್ಲಿ ಲೆಪರ್ಡ್ ಫ್ರಾಗ್ ಕೇಳಿದ್ದೆ, ಆಮೇಲೆ ಇಲ್ಲ.

ಈಗಲೂ ಬರುತ್ತಾರೆ. ಗಾಳಿ, ಉಷ್ಣತೆ, ಮೋಡ ಅವರು ಬರೆಯುತ್ತಾರೆ, ಕಿವಿ ನನ್ನದು. ಹೋದ ಏಪ್ರಿಲಿನಲ್ಲಿ ಪೀಪರ್ 3 ಅಂತ ಬರೆದೆ. ಅವರು ಕತ್ತಲ ಕಡೆ ನೋಡುತ್ತಾ ನನ್ನ ಕೈ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

“ಏನೂ ಕೇಳದಿದ್ದರೆ ಖಾಲಿ ಬಿಟ್ಟರಾಯಿತಲ್ಲ” ಅಂತ ಮಗಳು ಒಂದು ದಿನ ಕೇಳಿದಳು. ಆಗುವುದಿಲ್ಲ. ಖಾಲಿ ಬಿಟ್ಟರೆ ಹೋಗಲೇ ಇಲ್ಲ ಅಂತ ಅರ್ಥ. ಹೋಗಿ, ನಿಂತು, ಕೇಳಿ, ಏನೂ ಇಲ್ಲದಿದ್ದರೆ 0 ಬರೆಯಬೇಕು. ನರ್ಸಿಂಗಿನ ಮೊದಲ ವರ್ಷದಲ್ಲೇ ಮಂಗಳೂರಿನಲ್ಲಿ ನಮ್ಮ ಮೇಡಂ ತಲೆಗೆ ಕುಟ್ಟಿ ತುಂಬಿದ್ದು ಇದೇ: ಬರೆಯದಿದ್ದರೆ ಮಾಡಿಲ್ಲ ಎಂದೇ ಲೆಕ್ಕ. ರಾತ್ರಿ ಎರಡು ಗಂಟೆಗೆ ನೋಡಿದಾಗ ರೋಗಿಗೆ ನೋವಿರಲಿಲ್ಲ ಅನ್ನುವುದೂ ಒಂದು ಸುದ್ದಿಯೇ. ಬೆಳಗ್ಗೆ ಐದಕ್ಕೆ ನೋವು ಶುರುವಾದರೆ ಡಾಕ್ಟರ್ ಮೊದಲು ಹುಡುಕುವುದು ಆ ಎರಡು ಗಂಟೆಯ ಸಾಲನ್ನು.

ಇಷ್ಟೆಲ್ಲ ಬರೆಯುವಾಗ ಮನಸ್ಸು ಜಯಪುರದ ಹತ್ತಿರದ ನಮ್ಮ ಗದ್ದೆಗೇ ಹೋಗುತ್ತದೆ. ಕಳೆದ ವರ್ಷ ಕೆಳಗಿನ ಗದ್ದೆಗೆ ಅಪ್ಪಯ್ಯ ಅಡಿಕೆ ಹಾಕಿದರು, ನಿಮಗೆಲ್ಲ ಗೊತ್ತಿರುವುದೇ. ನಾನು ಬೇಡ ಅನ್ನಲಿಲ್ಲ. ನಾಟಿಗೆ ಆಳಿಲ್ಲ, ಭತ್ತ ಬೆಳೆದರೆ ಕೂಲಿಯೂ ಹುಟ್ಟುವುದಿಲ್ಲ. ಬಯಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಯವರು ನಮಗಿಂತ ಮೊದಲೇ ಹಾಕಿದ್ದಾರೆ. ಬಸಿಗಾಲುವೆ ತೋಡಿದ ಮೇಲೆ ಗದ್ದೆಯ ನೀರು ನಿಲ್ಲುವುದಿಲ್ಲ, ನಿಲ್ಲಬಾರದು ಅಂತಲೇ ತೋಡುವುದು. ನಾನು ಚಿಕ್ಕವಳಿದ್ದಾಗ ಇಲ್ಲಿ ಎಷ್ಟು ಕಪ್ಪೆ ಇತ್ತು ಅಂತ ಫೋನಿನಲ್ಲಿ ಕೇಳಿದೆ. ಅಮ್ಮ “ತುಂಬ” ಅಂದರು. ಅಪ್ಪಯ್ಯ “ಮೃಗಶಿರಾ ಮಳೆಗೆ ಕಿವಿ ಮುಚ್ಕೊಳ್ಳೋ ಅಷ್ಟು” ಅಂದರು. ದೊಡ್ಡಪ್ಪ ತಮ್ಮ ಕಾಲದಲ್ಲಿ ಕೆಳಗಿನಿಂದ ಗ್ಯಾಸ್‌ಲೈಟ್ ಹಿಡಿದು ಬಂದು ಗೋಣಿಗಟ್ಟಲೆ ಕಪ್ಪೆ ತುಂಬಿಕೊಂಡು ಹೋಗುತ್ತಿದ್ದ ಕಥೆ ಹೇಳಿದರು. 1987ರಲ್ಲಿ ಸರ್ಕಾರ ಕಪ್ಪೆ ಕಾಲಿನ ರಫ್ತು ನಿಲ್ಲಿಸುವ ಮೊದಲಿನ ಮಾತು. ಎಲ್ಲ ನಿಜ. ಆದರೆ ತುಂಬ ಅನ್ನುವುದನ್ನು ಯಾವ ಹಾಳೆಯ ಯಾವ ಕೋಣೆಯಲ್ಲಿ ಬರೆಯುವುದು? 1998ರಲ್ಲಿ ಯಾರಾದರೂ ನಮ್ಮ ಬಯಲಿನಲ್ಲಿ ನಿಂತು 3 ಅಂತ ಬರೆದಿದ್ದರೆ!

ನಮ್ಮ ಕಡೆ ಕಪ್ಪೆಗೆ ಗೌರವ ಇಲ್ಲ ಅಂತಲ್ಲ. ಶೃಂಗೇರಿಯಲ್ಲಿ ಹೆರಿಗೆ ನೋವಿನ ಕಪ್ಪೆಗೆ ಬಿಸಿಲು ತಾಗದ ಹಾಗೆ ಹಾವು ಹೆಡೆ ಬಿಚ್ಚಿ ನಿಂತ ಕಪ್ಪೆ ಶಂಕರನ ಮುಂದೆ ನಾವೆಲ್ಲ ಕೈಮುಗಿದವರೇ. (ಷಿಕಾಗೋದ ಕನ್ನಡ ಸಂಘಕ್ಕೆ ವಿದ್ಯಾರಣ್ಯ ಕನ್ನಡ ಕೂಟ ಅಂತ ಹೆಸರು. ಮೊದಲ ಸಲ ಬೋರ್ಡು ನೋಡಿ ಶೃಂಗೇರಿಗೇ ಬಂದ ಹಾಗಾಗಿತ್ತು.) ನೋಡುವವರೂ ಇದ್ದಾರೆ. ಉತ್ತರ ಕನ್ನಡದ ಕತ್ತಲೆಕಾನಿನಲ್ಲಿ, ಇಟ್ಟ ಮೊಟ್ಟೆಗೆ ಕೈಯಾರೆ ಮಣ್ಣು ಮೆತ್ತುವ ಕಪ್ಪೆಯನ್ನು ಕೆ. ವಿ. ಗುರುರಾಜ ಮತ್ತು ಜೊತೆಯವರು 2014ರಲ್ಲಿ ಲೋಕಕ್ಕೆ ತೋರಿಸಿ ಕುಂಬಾರ ಕಪ್ಪೆ ಅಂತ ಹೆಸರಿಟ್ಟರು. ವೈಜ್ಞಾನಿಕ ಹೆಸರಿನಲ್ಲೂ ಕುಂಬಾರ ಇದ್ದಾನೆ. ಆದರೆ ಅಂಥ ಅಪರೂಪದ್ದನ್ನು ಹುಡುಕಲು ತಿಳಿದವರು ಬೇಕು. ಮನೆ ಹಿಂದಿನ ಮಾಮೂಲಿ ಕಪ್ಪೆಯನ್ನು ಬರೆದಿಡಲು ಮನೆಯವರೇ ಆಗಬೇಕು, ಬೆಂಗಳೂರಿನಿಂದ ದಿನಾ ಯಾರು ಬರುತ್ತಾರೆ?

ಹಾಗಾಗಿ ಈ ವರ್ಷ ಅಪ್ಪಯ್ಯನನ್ನೇ ಹಿಡಿದೆ. ಮೂರು ಜಾಗ: ಉಳಿದಿರುವ ಮೇಲಿನ ಗದ್ದೆ, ಕೆರೆ ದಂಡೆ, ಹೊಸ ಅಡಿಕೆ ತೋಟ. ವಾರಕ್ಕೊಂದು ದಿನ, ದೀಪ ಹಚ್ಚಿದ ಮೇಲೆ, ಐದು ನಿಮಿಷ. ಹೆಸರು ಗೊತ್ತಿಲ್ಲದಿದ್ದರೆ ಬೇಡ, ಫೋನಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದರೆ ಸಾಕು. ಐನ್ಯಾಚುರಲಿಸ್ಟ್ ಅನ್ನುವ ಆ್ಯಪಿಗೆ ಸದ್ದನ್ನೂ ಹಾಕಬಹುದು, ಹೆಸರು ಹೇಳಲು ತಿಳಿದವರು ಅಲ್ಲಿ ಇರುತ್ತಾರೆ. ಅಲ್ಲಿ ಸಂಜೆ ಏಳೂವರೆಗೆ ಕಳಿಸಿದ್ದು ಇಲ್ಲಿ ನನಗೆ ಬೆಳಗ್ಗೆ ಹತ್ತಕ್ಕೆ, ಡ್ಯೂಟಿ ಮುಗಿಸಿ ಪರದೆ ಎಳೆದು ಮಲಗುವ ಹೊತ್ತಿಗೆ ಬರುತ್ತದೆ. ಮಳೆ, ಜೀರುಂಡೆ, ಕಪ್ಪೆ, ನಡುವೆ ಅಮ್ಮ “ಕೊಡೆ ತಗೊಂಡು ಹೋಗಬಾರದಿತ್ತಾ” ಅನ್ನುವುದು. ನಾನು ಅದನ್ನು ಎರಡು ಸಲ ಕೇಳುತ್ತೇನೆ, ಒಂದು ಸಲ ಕಪ್ಪೆಗೆ.

ಅಡಿಕೆ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಅಪ್ಪಯ್ಯ ಬರೆಯುತ್ತಿದ್ದಾರೆ. ಜೂನ್ ಎರಡನೇ ವಾರದ್ದು ಫೋಟೋ ಕಳಿಸಿದ್ದರು. ಮಳೆ ಜೋರು. ಮೇಲಿನ ಗದ್ದೆ 3. ಕೆರೆ ದಂಡೆ 2. ಹೊಸ ತೋಟದ ಮುಂದೆ ಏನೂ ಇರಲಿಲ್ಲ. “ಅಲ್ಲಿ ಏನೂ ಕೇಳಲಿಲ್ಲ, ಅದನ್ನೂ ಬರೀಬೇಕಾ?” ಅಂದರು. ಬರೀಬೇಕು ಅಪ್ಪಯ್ಯ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಪೆನ್ನು ತರಿಸಿಕೊಂಡು 0 ಹಾಕಿದರು.

ಟೀಚರ್ ನಿಯಮ ಅಂತ ಹೇಳಿ ಅಮ್ಮನ ಕೈಯಲ್ಲೂ ಬೇರೆ ಹಾಳೆ ಬರೆಸುತ್ತಿದ್ದೇನೆ. ಮೇಲಿನ ಗದ್ದೆ, ಕೆರೆ ಎರಡೂ ಹೊಂದಿಕೆಯಾಗುತ್ತವೆ. ಹೊಸ ತೋಟಕ್ಕೆ ಅಮ್ಮ 1 ಅಂತ ಬರೆದಿದ್ದಾರೆ, ಬಸಿಗಾಲುವೆಯ ತುದಿಯಲ್ಲಿ ಸಣ್ಣಗೆ ಟಿಕ್ ಟಿಕ್ ಅನ್ನುತ್ತದಂತೆ. ಅಪ್ಪಯ್ಯ ಇಲ್ಲವೇ ಇಲ್ಲ ಅನ್ನುತ್ತಾರೆ. ಮೂರು ವಾರದಿಂದ ಇಬ್ಬರೂ ಸೋಲುತ್ತಿಲ್ಲ, ರೆಕಾರ್ಡಿಂಗಿನಲ್ಲಿ ಮಳೆಯ ಸದ್ದೇ ಜಾಸ್ತಿ. ಡಿಸೆಂಬರಿನಲ್ಲಿ ಊರಿಗೆ ಬರುತ್ತೇನೆ, ಆದರೆ ಆಗ ಕಪ್ಪೆ ಇರುವುದಿಲ್ಲ. ಕೊಪ್ಪ ಅಥವಾ ಶಿವಮೊಗ್ಗದಲ್ಲಿ ಅಪ್ಪಯ್ಯನನ್ನು ಒಮ್ಮೆ ಕಿವಿ ಪರೀಕ್ಷೆಗೆ ಕರೆದುಕೊಂಡು ಹೋಗುವವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಮೆಸೇಜ್ ಮಾಡಿ. ನಾನು ಹೇಳಿದರೆ ಕೇಳುವುದಿಲ್ಲ. ಟಿವಿ ದನಿ ಜಾಸ್ತಿ ಇಡುತ್ತಾರೆ ಅಂತ ಅಮ್ಮ ಹೇಳಿದ್ದನ್ನು ಮಾತ್ರ ಅವರ ಮುಂದೆ ತೆಗೆಯಬೇಡಿ.